ಐಸಿಯುನಿಂದ ಮನೆಗೆ ಬಂದ ಮೇಲೆ: ಚೇತರಿಕೆಗೆ ಗುರಿ ಇಟ್ಟುಕೊಳ್ಳುವುದು ಹೇಗೆ?

“ಗಂಡಾಂತರ ಕಳೀತು. ಇನ್ನೊಂದು ತಿಂಗಳು ಚೆನ್ನಾಗಿ ರೆಸ್ಟ್ ತಗೊಂಡರೆ ಮೊದಲಿನ ಹಾಗೆ ಆಗ್ತಾರೆ ಬಿಡಿ.”

ಐಸಿಯುನಿಂದ ಮನೆಗೆ ಬಂದವರನ್ನು ನೋಡಲು ಬರುವ ನೆಂಟರಿಷ್ಟರ ಬಾಯಲ್ಲಿ ಈ ಮಾತು ಸಾಮಾನ್ಯ. ಸಮಾಧಾನಕ್ಕೆ ಹೇಳುವ ಮಾತು ಅದು. ಆದರೆ ಅದರೊಳಗೆ ಎರಡು ನಂಬಿಕೆಗಳು ಅಡಗಿವೆ. ಡಿಸ್ಚಾರ್ಜ್ ಆಯಿತೆಂದರೆ ಕಾಯಿಲೆ ಮುಗಿಯಿತು ಎನ್ನುವುದು ಒಂದು, ಮಲಗಿದಷ್ಟೂ ಮೈಗೆ ಶಕ್ತಿ ಬರುತ್ತದೆ ಎನ್ನುವುದು ಇನ್ನೊಂದು. ಎರಡೂ ನಿಜವಲ್ಲ. ತಿಂಗಳು ಕಳೆದ ಮೇಲೂ ಮೆಟ್ಟಿಲು ಹತ್ತಲು ಆಗದಿದ್ದಾಗ, ಟಿವಿಯಲ್ಲಿ ಹೇಳುತ್ತಿರುವುದು ತಲೆಗೆ ಹತ್ತದಿದ್ದಾಗ, ಬದುಕಿ ಬಂದವರು ತಮ್ಮನ್ನೇ ಬೈದುಕೊಳ್ಳತೊಡಗುತ್ತಾರೆ. ಮನೆಯವರಿಗೂ ‘ಇವರೇ ಮನಸ್ಸು ಮಾಡುತ್ತಿಲ್ಲ’ ಅನ್ನಿಸುತ್ತದೆ.

ಐಸಿಯು ನಂತರದ ಚೇತರಿಕೆ ಯಾಕೆ ಅಷ್ಟು ನಿಧಾನ, ಆ ದಾರಿಯಲ್ಲಿ ನಮ್ಮದೇ ಗುರಿಗಳನ್ನು ಇಟ್ಟುಕೊಳ್ಳುವುದು ಹೇಗೆ ಎಂಬುದನ್ನು ಈ ಬರಹದಲ್ಲಿ ನೋಡೋಣ.

ಹತ್ತು ದಿನ ಮಲಗಿದರೆ ಏನಾಗುತ್ತದೆ?

ಲಂಡನ್ನಿನ ಸಂಶೋಧಕರು ಐಸಿಯುನಲ್ಲಿದ್ದ 63 ರೋಗಿಗಳ ತೊಡೆಯ ಸ್ನಾಯುವನ್ನು ಅಲ್ಟ್ರಾಸೌಂಡ್‌ನಲ್ಲಿ ಅಳೆಯುತ್ತಾ ಹೋಗಿ, 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಹತ್ತನೆಯ ದಿನದ ಹೊತ್ತಿಗೆ ಸ್ನಾಯುವಿನ ಅಡ್ಡಗಾತ್ರ ಸರಾಸರಿ ಶೇ. 18ರಷ್ಟು ಕುಗ್ಗಿತ್ತು. ಒಂದಕ್ಕಿಂತ ಹೆಚ್ಚು ಅಂಗಗಳು ಸೋತಿದ್ದವರಲ್ಲಿ ನಷ್ಟ ಇನ್ನೂ ಹೆಚ್ಚು. ಬರೀ ಮಲಗಿದ್ದರಿಂದ ಆಗುವ ನಷ್ಟ ಇದಲ್ಲ. ಸೋಂಕಿನ ವಿರುದ್ಧ ದೇಹ ಹೋರಾಡುವಾಗ ಉಂಟಾಗುವ ಉರಿಯೂತವೇ ಸ್ನಾಯುವನ್ನು ಕರಗಿಸುತ್ತದೆ. ಜೊತೆಗೆ ಕೈಕಾಲುಗಳ ನರಗಳಿಗೂ ಏಟು ಬೀಳಬಹುದು. ತೀವ್ರವಾಗಿ ಹಾನಿಯಾದ ನರ ಮತ್ತೆ ಬೆಳೆಯುವ ವೇಗ ದಿನಕ್ಕೆ ಸುಮಾರು 1 ಮಿಲಿಮೀಟರ್. ಮೊಣಕಾಲಿನ ಹತ್ತಿರ ಹಾನಿಯಾಗಿದ್ದರೆ ಪಾದ ಮುಟ್ಟಲು ಎಷ್ಟು ದಿನ ಬೇಕೆಂದು ಲೆಕ್ಕ ಹಾಕಿ: ಒಂದು ವರ್ಷಕ್ಕೂ ಹೆಚ್ಚು. ನರ ಬರೀ ಅದುಮಿಕೊಂಡಿದ್ದರೆ ಅದಕ್ಕಿಂತ ಬೇಗ ಸರಿಹೋಗುತ್ತದೆ.

ಕೆನಡಾದ ಟೊರಾಂಟೊದಲ್ಲಿ ನಡೆದ ಇನ್ನೊಂದು ಅಧ್ಯಯನ ಈ ವಿಷಯದಲ್ಲಿ ಬಹಳ ಪ್ರಸಿದ್ಧ. ಶ್ವಾಸಕೋಶ ತೀವ್ರವಾಗಿ ಕೈಕೊಟ್ಟು ಬದುಕುಳಿದ 109 ಜನರನ್ನು ಅದು ವರ್ಷಗಟ್ಟಲೆ ಹಿಂಬಾಲಿಸಿತು. ಅವರಲ್ಲಿ ಬಹುಪಾಲು ನಡುವಯಸ್ಸಿನವರು. ಆರು ನಿಮಿಷದಲ್ಲಿ ಎಷ್ಟು ದೂರ ನಡೆಯುತ್ತಾರೆ ಎಂಬ ಸರಳ ಪರೀಕ್ಷೆಯಲ್ಲಿ ಅವರ ಮಧ್ಯಮ ದೂರ ಮೂರನೇ ತಿಂಗಳಲ್ಲಿ 281 ಮೀಟರ್, ಆರನೇ ತಿಂಗಳಲ್ಲಿ 396, ಒಂದು ವರ್ಷಕ್ಕೆ 422. ವರ್ಷದ ಕೊನೆಗೆ ಕೆಲಸಕ್ಕೆ ಮರಳಿದ್ದವರು ಅರ್ಧದಷ್ಟು. ಐದು ವರ್ಷದ ಹೊತ್ತಿಗೆ ಆ ಪ್ರಮಾಣ ಶೇ. 77ಕ್ಕೆ ಏರಿತ್ತು, ಆದರೆ ನಡಿಗೆಯ ದೂರ 436 ಮೀಟರಿನಲ್ಲೇ ಇತ್ತು, ಅಂದರೆ ಆ ವಯಸ್ಸಿನ ಆರೋಗ್ಯವಂತರಿಂದ ನಿರೀಕ್ಷಿಸುವ ದೂರದ ಮುಕ್ಕಾಲು ಭಾಗ.

ಈ ಅಂಕಿಗಳನ್ನು ಕೊಡುತ್ತಿರುವುದು ಹೆದರಿಸಲು ಅಲ್ಲ. ಅವುಗಳಲ್ಲಿ ಎರಡು ಉಪಯೋಗದ ಸಂಗತಿಗಳಿವೆ. ಮೊದಲ ಆರು ತಿಂಗಳಲ್ಲಿ ಏರಿಕೆ ಚುರುಕು, ಹಾಗಾಗಿ ಆ ಕಾಲವನ್ನು ಹಾಸಿಗೆಯಲ್ಲಿ ಕಳೆಯಬಾರದು. ಎರಡನೆಯದಾಗಿ, ನಡಿಗೆ ಪೂರ್ತಿ ಮೊದಲಿನಂತೆ ಆಗದಿದ್ದರೂ ತುಂಬಾ ಜನ ಕೆಲಸಕ್ಕೆ ಮರಳಿದರು. ‘ಮೊದಲಿನ ಹಾಗೆ ಆಗುವುದು’ ಬೇರೆ, ‘ಬದುಕಿಗೆ ಮರಳುವುದು’ ಬೇರೆ.

ಕಾಯಿಲೆಗೆ ಒಂದು ಹೆಸರು

ಐಸಿಯು ನಂತರ ಉಳಿಯುವ ತೊಂದರೆಗಳ ಗುಂಪಿಗೆ ‘ಪೋಸ್ಟ್ ಇಂಟೆನ್ಸಿವ್ ಕೇರ್ ಸಿಂಡ್ರೋಮ್’ ಎಂಬ ಹೆಸರನ್ನು ಅಮೆರಿಕದ ತೀವ್ರನಿಗಾ ತಜ್ಞರ ಸಂಘ ಕರೆದ ಸಭೆಯೊಂದು 2010ರಲ್ಲಿ ಸೂಚಿಸಿತು. ಚಿಕ್ಕದಾಗಿ ‘ಪಿಕ್ಸ್’ ಎನ್ನುತ್ತಾರೆ. ಇದರಲ್ಲಿ ಮೂರು ಮುಖಗಳು: ದೇಹದ ನಿಶ್ಶಕ್ತಿ, ನೆನಪು ಮತ್ತು ಗಮನದ ತೊಂದರೆ, ಮನಸ್ಸಿನ ಆತಂಕ–ಖಿನ್ನತೆ. ಮನೆಯವರಿಗೂ ಇಂಥದ್ದೇ ಆಗಬಹುದು ಎಂದು ಅದೇ ವ್ಯಾಖ್ಯೆ ಒಪ್ಪಿಕೊಳ್ಳುತ್ತದೆ.

ಹೆಸರಿನಿಂದೇನು ಉಪಯೋಗ ಅನ್ನಬಹುದು. ನಮ್ಮ ಅನಿಸಿಕೆಯಲ್ಲಿ ಉಪಯೋಗ ದೊಡ್ಡದು. ‘ನಾನು ಸೋಮಾರಿಯಾಗಿಬಿಟ್ಟೆ’ ಅಂದುಕೊಂಡಿದ್ದವರಿಗೆ ‘ಇದು ಬಹಳ ಜನರಿಗೆ ಆಗುವಂಥದ್ದು, ಇದಕ್ಕೆ ಕಾರಣವಿದೆ’ ಎಂದು ತಿಳಿಯುವುದೇ ಚಿಕಿತ್ಸೆಯ ಮೊದಲ ಭಾಗ. ಆಸ್ಪತ್ರೆಯಿಂದ ಸಿಗುವ ಡಿಸ್ಚಾರ್ಜ್ ಸಾರಾಂಶದಲ್ಲಿ ಮಾತ್ರೆಗಳ ಪಟ್ಟಿ ಇರುತ್ತದೆ. ಮುಂದಿನ ಆರು ತಿಂಗಳು ಹೇಗಿರುತ್ತದೆ ಎಂಬುದನ್ನು ಅದರಲ್ಲಿ ಹುಡುಕಿದರೆ ಸಾಮಾನ್ಯವಾಗಿ ಸಿಗುವುದಿಲ್ಲ. ಸಿಕ್ಕರೂ ಅದು ಇಂಗ್ಲಿಷಿನಲ್ಲಿ.

‘ಮೊದಲಿನ ಹಾಗೆ ಆಗಬೇಕು’ ಯಾಕೆ ಗುರಿಯಲ್ಲ?

ನಿಮ್ಮ ಗುರಿ ಏನು ಎಂದು ಕೇಳಿದರೆ ಹೆಚ್ಚಿನವರು ಹೇಳುವುದು ಇದನ್ನೇ. ಆಸೆಯಾಗಿ ಇದು ಸರಿ, ಗುರಿಯಾಗಿ ಕೆಲಸಕ್ಕೆ ಬರುವುದಿಲ್ಲ. ಇವತ್ತು ಬೆಳಿಗ್ಗೆ ಎದ್ದು ಏನು ಮಾಡಬೇಕು ಎಂದು ಅದು ಹೇಳುವುದಿಲ್ಲ. ಸಂಜೆಗೆ ‘ಆಯಿತು’ ಎಂದು ಹೇಳಿಕೊಳ್ಳಲೂ ಬಿಡುವುದಿಲ್ಲ. ‘ಇನ್ನೂ ಆಗಿಲ್ಲ’ ಎಂದಷ್ಟೇ ದಿನವೂ ನೆನಪಿಸುತ್ತದೆ.

ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ ‘ನೈಸ್’ 2009ರಲ್ಲಿ ಈ ಕುರಿತು ಒಂದು ಮಾರ್ಗಸೂಚಿ ಹೊರತಂದಿತು. ರೋಗಿ ಐಸಿಯುನಲ್ಲಿ ಇರುವಾಗಲೇ ಗುರಿಗಳ ಮಾತು ಶುರುವಾಗಬೇಕು, ಆಸ್ಪತ್ರೆ ಬಿಡುವ ಮೊದಲಿನ ಗುರಿಗಳು ಬೇರೆ, ಮನೆಗೆ ಹೋಗಿ ದಿನಚರಿಗೆ ಮರಳುವ ಗುರಿಗಳು ಬೇರೆ, ಇವನ್ನು ರೋಗಿಯ ಜೊತೆ ಕೂತೇ ತೀರ್ಮಾನಿಸಬೇಕು, ಐಸಿಯು ಬಿಟ್ಟ 2–3 ತಿಂಗಳಿಗೆ ಮತ್ತೆ ಪರಿಶೀಲಿಸಬೇಕು ಎಂದು ಅದು ಹೇಳುತ್ತದೆ. ಇದರಲ್ಲಿ ನಮಗೆ ಮುಖ್ಯವಾಗಿ ಕಾಣುವುದು ‘ರೋಗಿಯ ಜೊತೆ ಕೂತು’ ಎಂಬ ಭಾಗ. ಯಾಕೆಂದರೆ ನಮ್ಮ ಮನೆಗಳಲ್ಲಿ ಗುರಿ ತೀರ್ಮಾನಿಸುವವರು ಸಾಮಾನ್ಯವಾಗಿ ಮಗ, ಸೊಸೆ, ಇಲ್ಲವೇ ಡಾಕ್ಟರು.

ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಐವತ್ತು ದಾಟಿದ ಒಬ್ಬ ಟೈಲರ್. ನ್ಯುಮೋನಿಯಾ ಆಗಿ ಹನ್ನೆರಡು ದಿನ ಐಸಿಯುನಲ್ಲಿ, ಅದರಲ್ಲಿ ಒಂದು ವಾರ ವೆಂಟಿಲೇಟರಿನಲ್ಲಿ ಇದ್ದು ಮನೆಗೆ ಬಂದಿದ್ದಾರೆ. ಮಗನ ಪ್ರಕಾರ ಅಪ್ಪನ ಗುರಿ ದಿನಾ ಪಾರ್ಕಿನಲ್ಲಿ ಒಂದು ಸುತ್ತು ವಾಕಿಂಗ್. ಅಪ್ಪನಿಗೆ ಪಾರ್ಕು ಯಾವತ್ತೂ ಬೇಕಿರಲಿಲ್ಲ. ಅವರಿಗೆ ಬೇಕಿರುವುದು ಅಂಗಡಿಯ ಶಟರ್ ಎತ್ತಿ ಮಷೀನಿನ ಮುಂದೆ ಕೂರುವುದು. ಅದಕ್ಕಿಂತ ಮೊದಲು, ಬಾಯಿಬಿಟ್ಟು ಹೇಳಲು ಸಂಕೋಚವಾದರೂ, ಯಾರ ಸಹಾಯವೂ ಇಲ್ಲದೆ ಸಂಡಾಸಿಗೆ ಹೋಗಿ ಬರುವುದು. ಇಂಡಿಯನ್ ಶೈಲಿಯ ಸಂಡಾಸಿನಲ್ಲಿ ಕುಕ್ಕುರುಗಾಲಲ್ಲಿ ಕೂತು ಏಳಲು ತೊಡೆಗೆ ಬೇಕಾದ ಬಲ, ಪಾರ್ಕಿನಲ್ಲಿ ಸುತ್ತು ಹಾಕಲು ಬೇಕಾದ್ದಕ್ಕಿಂತ ತುಂಬಾ ಹೆಚ್ಚು. ಅದು ಬರುವವರೆಗೆ ಕಮೋಡ್ ಕುರ್ಚಿ ಇಟ್ಟುಕೊಳ್ಳುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಹಾಗಾಗಿ ಮೊದಲ ಹೆಜ್ಜೆ, ಕೇಳುವುದು. ‘ಹೇಗಿದ್ದೀರಿ?’ ಎಂದರೆ ‘ಪರವಾಗಿಲ್ಲ’ ಎಂಬ ಉತ್ತರವಷ್ಟೇ ಬರುತ್ತದೆ. ‘ಯಾವ ಕೆಲಸ ನೀವೇ ಮಾಡಿಕೊಳ್ಳುವ ಹಾಗಿದ್ದರೆ ಚೆನ್ನಾಗಿತ್ತು ಅನ್ನಿಸ್ತಿದೆ?’ ಎಂದು ಕೇಳಿ ನೋಡಿ. ತಾವೇ ಸ್ನಾನ ಮಾಡುವುದು, ದೇವರ ಮುಂದೆ ದೀಪ ಹಚ್ಚುವುದು, ಪಂಕ್ತಿಯಲ್ಲಿ ನೆಲದ ಮೇಲೆ ಕೂತು ಉಣ್ಣುವುದು, ಬಸ್ಸಿನ ಎತ್ತರದ ಮೆಟ್ಟಿಲು ಹತ್ತುವುದು, ಹಸುವಿನ ಹಾಲು ಕರೆಯುವುದು, ಮೊಮ್ಮಗುವನ್ನು ಎತ್ತಿಕೊಳ್ಳುವುದು. ಒಬ್ಬೊಬ್ಬರದು ಒಂದೊಂದು.

ದೊಡ್ಡ ಗುರಿಯನ್ನು ತುಂಡು ಮಾಡುವುದು

ಟೈಲರ್ ಕೆಲಸವನ್ನೇ ಬಿಡಿಸಿ ನೋಡೋಣ. ಕುರ್ಚಿಯಲ್ಲಿ ಬೆನ್ನು ನೇರ ಮಾಡಿ ಕೂರಬೇಕು. ಪೆಡಲ್ ತುಳಿಯಲು ಕಾಲಿಗೆ ಬಲ ಬೇಕು. ಸೂಜಿಗೆ ದಾರ ಪೋಣಿಸಲು ಬೆರಳು ನಡುಗಬಾರದು. ಕತ್ತರಿ ಹಿಡಿಯಲು ಹಿಡಿತ ಬೇಕು. ಬಂದವರ ಅಳತೆ ತೆಗೆದು, ನೆನಪಿಟ್ಟು, ಬಟ್ಟೆಯ ಮೇಲೆ ಗುರುತು ಹಾಕಲು ಗಮನ ಬೇಕು. ಒಂದೇ ಕೆಲಸ, ಆದರೆ ಅದರಲ್ಲಿ ದೇಹ, ಬೆರಳು, ಬುದ್ಧಿ ಎಲ್ಲದರ ಪಾಲೂ ಇದೆ. ಎಲ್ಲವೂ ಒಂದೇ ವೇಗದಲ್ಲಿ ಮರಳುವುದಿಲ್ಲ.

ಇಲ್ಲಿ ಉಪಯೋಗಕ್ಕೆ ಬರುವ ಒಂದು ಹಳೆಯ ಸಾಧನವಿದೆ. 1968ರಲ್ಲಿ ಅಮೆರಿಕದ ಕಿರೆಸುಕ್ ಮತ್ತು ಶರ್ಮನ್ ಎಂಬವರು ಮಾನಸಿಕ ಆರೋಗ್ಯ ಸೇವೆಗಳಿಗಾಗಿ ರೂಪಿಸಿದ ‘ಗೋಲ್ ಅಟೈನ್‌ಮೆಂಟ್ ಸ್ಕೇಲಿಂಗ್’ ಅದು. ಇವತ್ತು ಪುನಶ್ಚೇತನ ಚಿಕಿತ್ಸೆಯಲ್ಲಿ ಇದರ ಬಳಕೆ ವ್ಯಾಪಕ. ಗುರಿಯನ್ನು ‘ಆಯಿತು–ಆಗಲಿಲ್ಲ’ ಎಂದು ಅಳೆಯುವ ಬದಲು ಐದು ಮೆಟ್ಟಿಲುಗಳಾಗಿ ಬರೆಯಬೇಕು. ಸೊನ್ನೆ ಎಂದರೆ ಇಷ್ಟು ವಾರದಲ್ಲಿ ಆಗಬಹುದೆಂದು ನಿರೀಕ್ಷಿಸುವ ಮಟ್ಟ. ಮೈನಸ್ ಒಂದು, ಮೈನಸ್ ಎರಡು ಅದಕ್ಕಿಂತ ಕೆಳಗಿನವು. ಪ್ಲಸ್ ಒಂದು, ಪ್ಲಸ್ ಎರಡು ನಿರೀಕ್ಷೆ ಮೀರಿದವು.

ನಮ್ಮ ಟೈಲರ್ ಆರು ವಾರಕ್ಕೆ ಹೀಗೆ ಬರೆದುಕೊಳ್ಳಬಹುದು. ಮೈನಸ್ ಎರಡು: ಇವತ್ತಿನ ಸ್ಥಿತಿ, ಕುರ್ಚಿಯಲ್ಲಿ ಹತ್ತು ನಿಮಿಷ ಕೂತರೆ ಸುಸ್ತು. ಮೈನಸ್ ಒಂದು: ಅರ್ಧ ಗಂಟೆ ಕೂತು ಎರಡು ಗುಂಡಿ ಹಾಕುವುದು. ಸೊನ್ನೆ: ಮನೆಯಲ್ಲಿರುವ ಮಷೀನಿನಲ್ಲಿ ಒಂದು ದಿಂಬಿನ ಕವರ್ ಹೊಲಿಯುವುದು. ಪ್ಲಸ್ ಒಂದು: ಅಂಗಡಿಗೆ ಹೋಗಿ ಒಂದು ಗಂಟೆ ಕೂತು ಬರುವುದು. ಪ್ಲಸ್ ಎರಡು: ಅಳತೆ ತೆಗೆಯುವುದರಿಂದ ಹಿಡಿದು ಒಂದು ರವಿಕೆಯನ್ನು ತಾವೇ ಪೂರ್ತಿ ಮಾಡುವುದು.

ಇದರ ಸೊಗಸು ಇರುವುದು ಮೈನಸ್ ಒಂದರಲ್ಲಿ. ಆರು ವಾರದ ನಂತರ ಅವರು ಗುಂಡಿ ಹಾಕುವಷ್ಟಕ್ಕೇ ಬಂದಿದ್ದರೆ ಗುರಿ ಮುಟ್ಟಿಲ್ಲ ನಿಜ, ಆದರೆ ಕಾಗದದ ಮೇಲೆ ಅವರು ಒಂದು ಮೆಟ್ಟಿಲು ಮೇಲೆ ಬಂದಿರುವುದು ಕಾಣುತ್ತದೆ. ದಿನಾ ನೋಡುವ ಮನೆಯವರ ಕಣ್ಣಿಗೆ, ಸ್ವತಃ ರೋಗಿಗೆ ಕೂಡ, ಈ ಬದಲಾವಣೆ ಹಾಗೆ ಕಾಣುವುದಿಲ್ಲ. ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದರೂ ಸಾಕು. ಬರೆಯಲು ಕೈ ನಡುಗಿದರೆ ಮನೆಯವರು ಬರೆದುಕೊಡಲಿ, ಮಾತು ಮಾತ್ರ ರೋಗಿಯದೇ ಆಗಿರಲಿ.

ಗುರಿಗಳ ಸಂಖ್ಯೆ ಎರಡೋ ಮೂರೋ ಇದ್ದರೆ ಒಳ್ಳೆಯದು. ಹತ್ತು ಬರೆದರೆ ಅದು ಗೋಡೆಗೆ ಅಂಟಿಸಿದ ಶಾಲೆಯ ಟೈಮ್‌ಟೇಬಲ್ ಆಗುತ್ತದೆ.

ಒಳ್ಳೆಯ ದಿನದ ಬಲೆ

ಚೇತರಿಕೆಯಲ್ಲಿ ಬಹಳ ಜನ ಎಡವುವುದು ಕೆಟ್ಟ ದಿನಗಳಲ್ಲಿ ಅಲ್ಲ, ಒಳ್ಳೆಯ ದಿನಗಳಲ್ಲಿ. ಬೆಳಿಗ್ಗೆ ಮೈ ಹಗುರ ಅನ್ನಿಸಿತು, ಸ್ನಾನ ಮಾಡಿ, ಬಟ್ಟೆ ಮಡಚಿ, ಅಂಗಡಿಯವರೆಗೂ ಹೋಗಿ, ಬಂದ ನೆಂಟರ ಜೊತೆ ಎರಡು ಗಂಟೆ ಮಾತಾಡಿದರು. ಮುಂದಿನ ಮೂರು ದಿನ ಹಾಸಿಗೆ. ಆಮೇಲೆ ‘ನೋಡಿದಿರಾ, ಓಡಾಡಿದ್ದಕ್ಕೇ ಹೀಗಾಯ್ತು’ ಎಂದು ಮನೆಯವರು ಓಡಾಟವನ್ನೇ ನಿಲ್ಲಿಸುತ್ತಾರೆ. ತಪ್ಪು ಓಡಾಟದ್ದಲ್ಲ, ಒಮ್ಮೆಲೇ ಮಾಡಿದ್ದು.

ಫಿಸಿಯೋಥೆರಪಿಸ್ಟರು ಹೇಳುವ ಉಪಾಯ ಸರಳ. ಕೆಟ್ಟ ದಿನದಲ್ಲೂ ಮಾಡಲು ಆಗುವಷ್ಟನ್ನು ಆಧಾರವಾಗಿ ಇಟ್ಟುಕೊಂಡು ದಿನವೂ ಅಷ್ಟು ಮಾಡಿ, ಕೆಲವು ದಿನಕ್ಕೊಮ್ಮೆ ಸ್ವಲ್ಪ ಏರಿಸಿ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು ಮನೆಯಲ್ಲೇ ಮಾಡಬಹುದಾದ ಅತ್ಯುತ್ತಮ ವ್ಯಾಯಾಮಗಳಲ್ಲಿ ಒಂದು. ಮೂರು ಸಲದಿಂದ ಶುರುಮಾಡಿದರೆ ಸಾಕು. ಆರಂಭದಲ್ಲಿ ಪಕ್ಕದಲ್ಲಿ ಒಬ್ಬರು ಇರಲಿ. ನಡೆಯುವಾಗ ಒಂದು ಪೂರ್ತಿ ವಾಕ್ಯ ಮಾತಾಡಲು ಆಗುತ್ತಿದ್ದರೆ ವೇಗ ಸರಿಯಾಗಿದೆ. ಎರಡು ಪದಕ್ಕೊಮ್ಮೆ ಉಸಿರು ಎಳೆಯಬೇಕಾದರೆ ನಿಲ್ಲಿ. ಹೃದಯದ ತೊಂದರೆ, ಮೂಳೆ ಮುರಿತ, ಶಸ್ತ್ರಚಿಕಿತ್ಸೆಯ ಗಾಯ ಇದ್ದವರು ನಿಮ್ಮ ವೈದ್ಯರು ಹೇಳಿದ ಮಿತಿಯನ್ನೇ ಪಾಲಿಸಬೇಕು.

ಊಟದ ಬಗ್ಗೆ ಒಂದು ಮಾತು. ‘ಜೀರ್ಣ ಆಗಲ್ಲ’ ಎಂದು ವಾರಗಟ್ಟಲೆ ಬರೀ ಗಂಜಿ, ತಿಳಿಸಾರು ಕೊಡುವ ಪದ್ಧತಿ ನಮ್ಮಲ್ಲಿದೆ. ಕರಗಿದ ಸ್ನಾಯು ಮತ್ತೆ ಕಟ್ಟಲು ಪ್ರೋಟೀನ್ ಬೇಕು, ಅಕ್ಕಿ ಗಂಜಿಯಲ್ಲಿ ಅದು ತೀರಾ ಕಡಿಮೆ. ಬೇಳೆ, ಮೊಳಕೆಕಾಳು, ಮೊಸರು, ಮೊಟ್ಟೆ, ಮೀನು ಯಾವುದು ಒಗ್ಗುತ್ತದೋ ಅದನ್ನು ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಕೊಡಬಹುದು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ. ಕಿಡ್ನಿ ತೊಂದರೆ ಇದ್ದವರು ಪ್ರಮಾಣವನ್ನು ವೈದ್ಯರನ್ನು ಕೇಳಿಯೇ ನಿರ್ಧರಿಸಲಿ. ವೆಂಟಿಲೇಟರ್ ನಳಿಕೆಯಿಂದ ಗಂಟಲಿಗೆ ತೊಂದರೆಯಾಗಿ ನೀರು ಕುಡಿದರೂ ಕೆಮ್ಮು ಬರುತ್ತಿದ್ದರೆ ಅದನ್ನು ಮೊದಲು ತೋರಿಸಬೇಕು. ಎರಡು ಮೂರು ತಿಂಗಳಿಗೆ ಕೂದಲು ಗೊಂಚಲಾಗಿ ಉದುರಿದರೆ ಗಾಬರಿಯಾಗಬೇಡಿ. ದೊಡ್ಡ ಕಾಯಿಲೆಯ ನಂತರ ಹೀಗಾಗುವುದುಂಟು, ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ.

ಗೋಡೆಯ ಮೇಲೆ ಹಾವು ಕಂಡವರು

ಐಸಿಯುನಲ್ಲಿ ಕಂಡದ್ದನ್ನು ಹೇಳಲು ಜನ ಹೆದರುತ್ತಾರೆ. ಗೋಡೆಯ ಮೇಲೆ ಹಾವು ಹರಿದದ್ದು, ನರ್ಸು ವಿಷ ಹಾಕಲು ಬಂದದ್ದು, ತೀರಿಹೋದ ಅಮ್ಮ ಮಂಚದ ಪಕ್ಕ ಕೂತದ್ದು. ಇದಕ್ಕೆ ವೈದ್ಯಕೀಯದಲ್ಲಿ ‘ಡೆಲಿರಿಯಮ್’ ಎನ್ನುತ್ತಾರೆ, ಸನ್ನಿ ಎಂದು ನಮ್ಮ ಹಿರಿಯರು ಹೇಳುತ್ತಿದ್ದದ್ದು ಇಂಥದ್ದನ್ನೇ. ಸೋಂಕು, ಅಮಲಿನ ಔಷಧಿ, ನಿದ್ದೆಗೇಡು, ಹಗಲು–ರಾತ್ರಿ ಗೊತ್ತಾಗದ ದೀಪಗಳು ಎಲ್ಲ ಸೇರಿ ಮಿದುಳನ್ನು ಗೊಂದಲಕ್ಕೆ ದೂಡುತ್ತವೆ. ಅಮೆರಿಕದಲ್ಲಿ 821 ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ. 74 ಮಂದಿಗೆ ಆಸ್ಪತ್ರೆಯಲ್ಲಿದ್ದಾಗ ಡೆಲಿರಿಯಮ್ ಬಂದಿತ್ತು. ಹಾಗಾಗಿ ಇದು ‘ಗಾಳಿ ಸೋಕಿದ್ದು’ ಅಲ್ಲ, ಹುಚ್ಚೂ ಅಲ್ಲ. ದೃಷ್ಟಿ ತೆಗೆದರೆ ಮನೆಯವರ ಮನಸ್ಸಿಗೆ ಸಮಾಧಾನವಾಗಬಹುದು, ಅದರ ಜೊತೆಗೆ ರೋಗಿಯ ಮಾತನ್ನು ನಗದೆ, ಬೈಯದೆ ಕೇಳಿಸಿಕೊಳ್ಳಿ.

ಅದೇ ಅಧ್ಯಯನದಲ್ಲಿ, ಒಂದು ವರ್ಷದ ನಂತರವೂ ಸುಮಾರು ಮೂರರಲ್ಲಿ ಒಬ್ಬರ ನೆನಪು–ಗಮನದ ಅಂಕಗಳು ತಲೆಗೆ ಸಾಧಾರಣ ಪೆಟ್ಟಾದವರ ಮಟ್ಟದಲ್ಲಿದ್ದವು. ಹಾಗಾಗಿ ಬುದ್ಧಿಗೂ ಗುರಿ ಬೇಕು. ದಿನಪತ್ರಿಕೆಯ ಒಂದು ಸುದ್ದಿ ಓದಿ ಯಾರಿಗಾದರೂ ಹೇಳುವುದು, ಮಾತ್ರೆಗಳನ್ನು ತಾವೇ ಡಬ್ಬಿಗೆ ಹಾಕಿಕೊಂಡು ಇನ್ನೊಬ್ಬರಿಂದ ಸರಿನೋಡಿಸುವುದು, ಅಂಗಡಿ ಲೆಕ್ಕದ ಒಂದು ಪುಟ ಕೂಡುವುದು. ಬ್ಯಾಂಕ್ ವ್ಯವಹಾರ, ಆಸ್ತಿ ಪತ್ರಕ್ಕೆ ಸಹಿ, ಬೈಕ್ ಓಡಿಸುವುದು ಇವನ್ನು ಸ್ವಲ್ಪ ಮುಂದಕ್ಕೆ ಹಾಕಿ.

ಯೂರೋಪಿನ ಉತ್ತರದ ದೇಶಗಳ ಐಸಿಯುಗಳಲ್ಲಿ ದಾದಿಯರು ರೋಗಿಗಾಗಿ ಡೈರಿ ಬರೆಯುವ ರೂಢಿ ಬೆಳೆಯಿತು. ‘ಇವತ್ತು ನಿಮ್ಮ ಮಗಳು ಬಂದಿದ್ದಳು, ಜ್ವರ ಇಳಿಯಿತು’ ಎಂಬಂತಹ ಸಾಲುಗಳು. ಮುಂದೆ ಓದಿದಾಗ ಕಳೆದುಹೋದ ದಿನಗಳು ಒಂದು ಕ್ರಮಕ್ಕೆ ಬರುತ್ತವೆ. 2010ರ ಒಂದು ದೊಡ್ಡ ಅಧ್ಯಯನದಲ್ಲಿ ಇದು ಆಘಾತದ ನಂತರದ ಮಾನಸಿಕ ತೊಂದರೆಯನ್ನು ಕಡಿಮೆ ಮಾಡಿತ್ತು, 2019ರ ಫ್ರೆಂಚ್ ಅಧ್ಯಯನದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಆದರೂ ಮನೆಯವರು ಆ ದಿನಗಳ ಕಥೆಯನ್ನು ತಾರೀಖಿನ ಸಮೇತ ಹೇಳುವುದಕ್ಕೆ ಖರ್ಚೇನಿಲ್ಲ. ರೋಗಿಗೆ ಕೇಳುವ ಮನಸ್ಸು ಬಂದಾಗ ಮಾತ್ರ ಹೇಳಿ.

ನಿದ್ದೆ ಇಲ್ಲದಿರುವುದು, ಆಸ್ಪತ್ರೆಯ ವಾಸನೆಗೇ ಬೆವರುವುದು, ‘ಉಳಿದಿದ್ದಾದರೂ ಯಾಕೆ’ ಎಂಬ ಮಾತು ವಾರಗಟ್ಟಲೆ ಮುಂದುವರಿದರೆ ಮನೋವೈದ್ಯರನ್ನು ಕಾಣಬೇಕು. ಸಾಯುವ ಮಾತು ಬಂದರೆ ವಾರ ಕಾಯುವುದು ಬೇಡ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಆರೈಕೆ ಮಾಡುವವರ ಕೈ

‘ನೀವು ಕೂತ್ಕೊಳ್ಳಿ, ನಾವು ಮಾಡ್ತೀವಿ’ ಎನ್ನುವುದು ನಮ್ಮಲ್ಲಿ ಪ್ರೀತಿಯ ಭಾಷೆ. ಐಸಿಯು ನಂತರ ಅದೇ ಪ್ರೀತಿ ಅಡ್ಡಬರಬಹುದು. ತುತ್ತನ್ನು ಬಾಯಿಗಿಡುವ ಬದಲು ತಟ್ಟೆಯನ್ನು ಹತ್ತಿರ ತಳ್ಳಿ. ಅಂಗಿಯ ಗುಂಡಿ ಹಾಕಲು ಐದು ನಿಮಿಷ ಹಿಡಿದರೆ ಹಿಡಿಯಲಿ. ಇದನ್ನು ನೋಡಿದ ಅತ್ತಿಗೆಯೋ ಚಿಕ್ಕಮ್ಮನೋ ‘ಕಾಯಿಲೆಯವರ ಕೈಲಿ ಕೆಲಸ ಮಾಡಿಸ್ತಾರೆ’ ಅನ್ನಬಹುದು. ಆಗ ಉತ್ತರಿಸುವ ಹೊಣೆ ಸೊಸೆಯ ಮೇಲೆ ಬೀಳದಿರಲಿ, ರೋಗಿಯೇ ‘ನಾನೇ ಮಾಡ್ಕೋತೀನಿ ಅಂದಿದ್ದೀನಿ’ ಎಂದು ಹೇಳಲಿ.

ಆರೈಕೆ ಮಾಡುವವರ ನಿದ್ದೆಯೂ ಗುರಿಯ ಪಟ್ಟಿಗೆ ಸೇರಬೇಕು. ವಾರದಲ್ಲಿ ಒಂದು ರಾತ್ರಿ ಬೇರೆಯವರು ಪಾಳಿ ತೆಗೆದುಕೊಳ್ಳುವುದು, ಬರೆದಿಟ್ಟರೆ ನಡೆಯುತ್ತದೆ, ಬರೆಯದಿದ್ದರೆ ನಡೆಯುವುದಿಲ್ಲ.

ಗುರಿ ಇಟ್ಟುಕೊಂಡರೆ ಬೇಗ ಗುಣವಾಗುತ್ತದೆಯೇ?

ನೇರವಾಗಿ ಹೇಳಬೇಕೆಂದರೆ, ಅಷ್ಟು ಗಟ್ಟಿಯಾದ ಪುರಾವೆ ಇಲ್ಲ. ಎಡಿನ್‌ಬರೋದಲ್ಲಿ 240 ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಂದು ಗುಂಪಿಗೆ ಐಸಿಯು ನಂತರ ಆಸ್ಪತ್ರೆಯ ವಾರ್ಡಿನಲ್ಲಿ ಹೆಚ್ಚು ವ್ಯಾಯಾಮ, ಆಹಾರದ ಸಲಹೆ, ಗುರಿಗಳ ಚರ್ಚೆ, ಮಾಹಿತಿ ಎಲ್ಲ ಸಿಕ್ಕಿತು. ಮೂರು ತಿಂಗಳಿಗೆ ಎರಡೂ ಗುಂಪುಗಳ ಓಡಾಟದ ಸಾಮರ್ಥ್ಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಕಂಡದ್ದು ತೃಪ್ತಿಯಲ್ಲಿ: ತಮಗೆ ಏನಾಗುತ್ತಿದೆ ಎಂದು ತಿಳಿದವರು ಆರೈಕೆಯ ಬಗ್ಗೆ ಹೆಚ್ಚು ಸಮಾಧಾನದಿಂದಿದ್ದರು. ಆದ್ದರಿಂದ ಗುರಿ ಎನ್ನುವುದು ಸ್ನಾಯು ಬೆಳೆಸುವ ಮಂತ್ರ ಎಂದು ಯಾರಾದರೂ ಪ್ಯಾಕೇಜ್ ಮಾರಲು ಬಂದರೆ ನಂಬಬೇಡಿ. ನಾವು ಗುರಿಗಳ ಪರವಾಗಿ ಮಾತಾಡುತ್ತಿರುವುದು ಬೇರೆ ಕಾರಣಕ್ಕೆ. ಇರುವ ಅಲ್ಪ ಶಕ್ತಿಯನ್ನು ಯಾವುದಕ್ಕೆ ಖರ್ಚು ಮಾಡಬೇಕೆಂಬ ತೀರ್ಮಾನ ಆಗ ರೋಗಿಯ ಕೈಗೇ ಮರಳುತ್ತದೆ. ಐಸಿಯುನಲ್ಲಿ ಉಸಿರಾಟದಿಂದ ಹಿಡಿದು ಮಗ್ಗುಲು ಬದಲಿಸುವವರೆಗೆ ಎಲ್ಲವನ್ನೂ ಬೇರೆಯವರು ತೀರ್ಮಾನಿಸಿದ್ದರಲ್ಲವೇ?

ಡಾಕ್ಟರ ಬಳಿ ಹೋಗುವಾಗ

ಎರಡು ಮೂರು ತಿಂಗಳ ತಪಾಸಣೆಗೆ ಹೋಗುವಾಗ ಗುರಿ ಬರೆದ ಹಾಳೆಯನ್ನು ಫೈಲಿನ ಮೇಲೇ ಇಟ್ಟುಕೊಂಡು ಹೋಗಿ. ‘ಸುಸ್ತು ಡಾಕ್ಟ್ರೇ’ ಅನ್ನುವುದಕ್ಕಿಂತ ‘ಆರು ವಾರದ ಹಿಂದೆ ಹತ್ತು ನಿಮಿಷ ಕೂರ್ತಿದ್ದೆ, ಈಗ ಅರ್ಧ ಗಂಟೆ, ಆದರೆ ಬಲಗಾಲಿನ ಪಾದ ಎತ್ತೋಕೆ ಆಗ್ತಿಲ್ಲ’ ಎಂದರೆ ಅವರಿಗೆ ಕೆಲಸ ಮಾಡಲು ಏನೋ ಸಿಗುತ್ತದೆ. ಫಿಸಿಯೋಥೆರಪಿ ಬೇಕೇ, ನರದ ಪರೀಕ್ಷೆ ಬೇಕೇ, ಐಸಿಯುನಲ್ಲಿ ಶುರುಮಾಡಿದ ನಿದ್ದೆ ಮಾತ್ರೆ ಇನ್ನೂ ಬೇಕೇ ಎಂದು ಕೇಳಿ.

ತಪಾಸಣೆಯ ದಿನಕ್ಕೆ ಕಾಯಬಾರದ ಲಕ್ಷಣಗಳೂ ಇವೆ. ಕೂತಲ್ಲೇ ಉಸಿರು ಕಟ್ಟುವುದು, ಎದೆನೋವು, ತಲೆಸುತ್ತಿ ಬೀಳುವುದು, ಒಂದೇ ಕಾಲು ಊದಿಕೊಂಡು ನೋಯುವುದು, ಚಳಿಜ್ವರ, ಇದ್ದಕ್ಕಿದ್ದಂತೆ ಮತ್ತೆ ಗೊಂದಲದ ಮಾತು. ಇವು ಕಂಡರೆ ಅಂದೇ ಆಸ್ಪತ್ರೆಗೆ ಹೋಗಬೇಕು, ಉಸಿರಾಟ ಕಷ್ಟವಾಗಿದ್ದರೆ ಕೂಡಲೇ 108ಕ್ಕೆ ಕರೆ ಮಾಡಿ.

ಹಾಳೆಯಲ್ಲಿ ಬರೆದ ಗುರಿ ಬದಲಾಗಲೂಬಹುದು. ಅಂಗಡಿಗೆ ಹೋಗುವ ಆಸೆಯಿಂದ ಶುರುಮಾಡಿದವರು ಮನೆಯಲ್ಲೇ ಕೂತು ಆಲ್ಟರೇಷನ್ ಕೆಲಸ ಮಾಡಿದರೆ ಸಾಕು ಎನ್ನಬಹುದು, ಶಟರ್ ಎತ್ತುವುದನ್ನು ಮಗನಿಗೆ ಬಿಡಬಹುದು. ಹಳೆಯ ಸಾಲನ್ನು ಹೊಡೆದುಹಾಕಿ, ಪಕ್ಕದಲ್ಲಿ ಹೊಸದನ್ನು ತಾರೀಖು ಹಾಕಿ ಬರೆದರಾಯಿತು.